ವಿಂಡೋಸ್ ಪಕ್ಕದಲ್ಲಿ ಲಿನಕ್ಸ್: ಅತ್ತಿಗೆಯ ಲ್ಯಾಪ್‌ಟಾಪಿನ ಪೂರ್ತಿ ಕಥೆ

ರಾತ್ರಿ ಹತ್ತಕ್ಕೆ ಅತ್ತಿಗೆ ಫೋನ್ ಮಾಡಿದರು. "ಲ್ಯಾಪ್‌ಟಾಪ್ ಆನ್ ಆಗ್ತಿದೆ ಕಣೋ, ಆದ್ರೆ ವಿಂಡೋಸ್ ಬರ್ತಿಲ್ಲ. ನೀಲಿ ಪರದೆ ಬಂದು 48 ಅಂಕಿಯ ಕೀ ಕೊಡು ಅಂತಿದೆ. ನಂಗೆ ಯಾರೂ ಯಾವ ಕೀನೂ ಕೊಟ್ಟಿಲ್ಲ."

"ಅತ್ತಿಗೆ, ಅದಕ್ಕೆ ಮುಂಚೆ ಏನು ಮಾಡಿದ್ರಿ?"

"ಲಿನಕ್ಸ್ ಹಾಕೋಕೆ ಅಂತ ವಿಡಿಯೋ ನೋಡಿ ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಅಷ್ಟೇ."

ಅಷ್ಟೇ ಸಾಕಾಗಿತ್ತು. ಸೆಕ್ಯೂರ್ ಬೂಟ್ ಅಂದರೆ ನಂಬಿಕಸ್ಥರ ಸಹಿ ಇರುವ ಪ್ರೋಗ್ರಾಂ ಮಾತ್ರ ಕಂಪ್ಯೂಟರನ್ನು ಶುರು ಮಾಡಲು ಬಿಡುವ ಕಾವಲು. ಇನ್ನೂ ಲಿನಕ್ಸ್‌ನ ಒಂದು ಫೈಲ್ ಕೂಡ ಡಿಸ್ಕಿಗೆ ಹೋಗಿರಲಿಲ್ಲ. ಆಗಲೇ ಅವರ ಮೂರು ವರ್ಷದ ಸಂಶೋಧನೆಯ ಕೆಲಸ ಬೀಗದ ಹಿಂದೆ ಕೂತಿತ್ತು. ಅಲ್ಲಿಂದ ಎರಡೂ ಸಿಸ್ಟಮ್ ನೆಮ್ಮದಿಯಾಗಿ ಓಡುವ ತನಕ ಏನೇನು ಮಾಡಿದೆವು, ಯಾಕೆ ಮಾಡಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ. ಲಿನಕ್ಸ್ ಇನ್‌ಸ್ಟಾಲ್ ಮಾಡಲು ನಮಗೆ ಹಿಡಿದದ್ದು ಇಪ್ಪತ್ತು ನಿಮಿಷ. ವಿಂಡೋಸ್ ತನ್ನ ಹಿಡಿತ ಸಡಿಲ ಮಾಡುವಂತೆ ಮಾಡಲು ಹಿಡಿದದ್ದು ಹೆಚ್ಚುಕಮ್ಮಿ ಒಂದು ಇಡೀ ದಿನ. ಡ್ಯುಯಲ್ ಬೂಟ್ (ಒಂದೇ ಕಂಪ್ಯೂಟರ್‌ನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಇಟ್ಟು, ಶುರುವಾಗುವಾಗ ಒಂದನ್ನು ಆರಿಸುವುದು) ಬಗ್ಗೆ ಬರೆಯುವವರು ಹೆಚ್ಚಿನವರು ಆ ಇಪ್ಪತ್ತು ನಿಮಿಷದ ಬಗ್ಗೆಯೇ ಬರೆಯುತ್ತಾರೆ. ಜನ ಸಿಕ್ಕಿಹಾಕಿಕೊಳ್ಳುವುದು ಆ ಇನ್ನೊಂದು ದಿನದಲ್ಲಿ.

ಇದ್ದ ಸ್ಥಿತಿ

ಲ್ಯಾಪ್‌ಟಾಪಿನಲ್ಲಿ 512 ಜಿಬಿ ಎಸ್‌ಎಸ್‌ಡಿ (ವಿಂಡೋಸ್ ಲೆಕ್ಕದಲ್ಲಿ 476), 16 ಜಿಬಿ ರ‍್ಯಾಮ್, ವಿಂಡೋಸ್ 11 ಹೋಮ್. ಸಂದರ್ಶನಗಳ ರೆಕಾರ್ಡಿಂಗ್, ಬರವಣಿಗೆ, ಕಚೇರಿಯ ಫಾರಂಗಳು ಎಲ್ಲ ವಿಂಡೋಸ್‌ನಲ್ಲಿ. ಅಂಕಿಅಂಶ ವಿಶ್ಲೇಷಣೆಗೆ ಅವರ ತಂಡ ಬಳಸುವ ಪ್ರೋಗ್ರಾಂಗಳು ಮಾತ್ರ ಲಿನಕ್ಸ್‌ನಲ್ಲೇ ಸರಿಯಾಗಿ ಓಡುತ್ತವೆ, ಓಡುವಾಗ ಇರುವ ರ‍್ಯಾಮನ್ನೆಲ್ಲ ನುಂಗುತ್ತವೆ.

ನಾನು ಮೊದಲು ಕೇಳಿದ್ದೇ, ಡ್ಯುಯಲ್ ಬೂಟ್ ನಿಜವಾಗಲೂ ಬೇಕಾ ಅಂತ. ಸುಮ್ನೆ ಲಿನಕ್ಸ್ ಆದೇಶಗಳನ್ನು ಕಲಿಯುವುದಕ್ಕೆ, ಸಣ್ಣಪುಟ್ಟ ಪ್ರೋಗ್ರಾಂ ಬರೆಯುವುದಕ್ಕೆ ಆದರೆ ವಿಂಡೋಸ್ ಒಳಗೇ ಓಡುವ ಡಬ್ಲ್ಯೂಎಸ್‌ಎಲ್ ಸಾಕು, ಅಥವಾ ವರ್ಚುವಲ್ ಮಷೀನ್ ಸಾಕು. ಡಿಸ್ಕ್ ಹೋಳು ಮಾಡುವ ತಾಪತ್ರಯ ಇಲ್ಲ. ಆದರೆ ಅತ್ತಿಗೆ ಡಬ್ಲ್ಯೂಎಸ್‌ಎಲ್ ಆಗಲೇ ಪ್ರಯತ್ನಿಸಿದ್ದರು. ಎರಡು ಸಿಸ್ಟಮ್‌ಗಳ ನಡುವೆ ರ‍್ಯಾಮ್ ಹಂಚಿಹೋಗಿ ದೊಡ್ಡ ಕೆಲಸಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಹಾಗಾಗಿ ಅವರ ಆಯ್ಕೆ ಸರಿಯಾಗಿಯೇ ಇತ್ತು.

ಆ ನೀಲಿ ಪರದೆ

ಬೆಳಿಗ್ಗೆ ಹೋಗಿ ಕೂತೆ. ಪರದೆಯ ಮೇಲೆ ಬಿಟ್‌ಲಾಕರ್ ರಿಕವರಿ ಅಂತ ಇತ್ತು, ಕೆಳಗೆ ಕೀ ಐಡಿ.

ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪಿಯಲ್ಲಿ ಇರುತ್ತದೆ, ನಾವು ಕೇಳದೆ ಇದ್ದರೂ. ಹೋಮ್ ಆವೃತ್ತಿಯಲ್ಲಿ ಇದಕ್ಕೆ ಡಿವೈಸ್ ಎನ್‌ಕ್ರಿಪ್ಶನ್ ಎನ್ನುತ್ತಾರೆ, ಒಳಗೆ ಕೆಲಸ ಮಾಡುವುದು ಬಿಟ್‌ಲಾಕರೇ. ಬೀಗದ ಕೈ ಟಿಪಿಎಂ ಅನ್ನುವ ಚಿಪ್‌ನಲ್ಲಿ ಇರುತ್ತದೆ. ಕಂಪ್ಯೂಟರ್ ಶುರುವಾಗುವಾಗ ಸೆಕ್ಯೂರ್ ಬೂಟ್ ಆನ್ ಇದೆಯಾ, ಬೂಟ್ ಆಗುತ್ತಿರುವ ಪ್ರೋಗ್ರಾಂಗೆ ಯಾರ ಸಹಿ ಇದೆ ಅನ್ನುವುದನ್ನೆಲ್ಲ ಆ ಚಿಪ್ ದಾಖಲು ಮಾಡಿಕೊಳ್ಳುತ್ತದೆ. ಹಿಂದಿನ ಸಲದಂತೆಯೇ ಇದ್ದರೆ ಬೀಗದ ಕೈ ಕೊಡುತ್ತದೆ. ಒಂದು ಚೂರು ಬದಲಾದರೂ ಕೊಡುವುದಿಲ್ಲ. ಕದ್ದವರು ಡಿಸ್ಕ್ ಬಿಚ್ಚಿ ಓದಬಾರದು ಅಂತ ಮಾಡಿದ ವ್ಯವಸ್ಥೆ ಇದು, ಒಳ್ಳೆಯ ವ್ಯವಸ್ಥೆಯೇ. ಆದರೆ ಸೆಟ್ಟಿಂಗ್ ಬದಲಿಸಿದವರು ಕಳ್ಳರೋ ಮನೆಯವರೋ ಅಂತ ಚಿಪ್‌ಗೆ ಗೊತ್ತಾಗುವುದಿಲ್ಲ.

ಹಾಗಾದರೆ ಹೊರಗೆ ಬರುವ ದಾರಿಯೂ ಅಲ್ಲೇ ಇದೆ, ಅಲ್ವಾ? ಬದಲಿಸಿದ್ದನ್ನು ಹಿಂದಕ್ಕೆ ಹಾಕುವುದು. ಯುಇಎಫ್‌ಐ (ವಿಂಡೋಸ್‌ಗೂ ಮೊದಲು ಎದ್ದು ಕಂಪ್ಯೂಟರನ್ನು ಶುರು ಮಾಡುವ ತಂತ್ರಾಂಶ) ಸೆಟ್ಟಿಂಗ್‌ಗೆ ಹೋಗಿ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿ ಸೇವ್ ಮಾಡಿದೆ. ಕೀ ಕೇಳದೆ ವಿಂಡೋಸ್ ಬಂತು. ಅತ್ತಿಗೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು, ರಾತ್ರಿ ನಿದ್ದೆ ಮಾಡಿರಲಿಲ್ಲ ಅಂತ ಆಮೇಲೆ ಹೇಳಿದರು.

ಈ ಪರದೆ ಎದುರಾದ ತಕ್ಷಣ ಫಾರ್ಮ್ಯಾಟ್ ಮಾಡಿಸಿ ಎಲ್ಲ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಮೊದಲು ಕೊನೆಯದಾಗಿ ಏನು ಬದಲಿಸಿದಿರಿ ಅಂತ ನೆನಪು ಮಾಡಿಕೊಳ್ಳಿ, ಅದನ್ನು ಹಿಂದಕ್ಕೆ ಹಾಕಿ ನೋಡಿ.

ಇನ್ನೊಂದು ವಿಷಯ. ಲಿನಕ್ಸ್‌ಗಾಗಿ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವೇ ಇರಲಿಲ್ಲ. ಉಬುಂಟು, ಫೆಡೋರಾದಂಥ ಲಿನಕ್ಸ್‌ಗಳು ಶಿಮ್ ಎಂಬ ಸಣ್ಣ ಪ್ರೋಗ್ರಾಂ ಮೂಲಕ ಬೂಟ್ ಆಗುತ್ತವೆ. ಅದಕ್ಕೆ ಮೈಕ್ರೋಸಾಫ್ಟ್‌ನ ಸಹಿ ಇರುತ್ತದೆ, ಹಾಗಾಗಿ ಸೆಕ್ಯೂರ್ ಬೂಟ್ ಆನ್ ಇದ್ದರೂ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ಹಳೆಯ ವಿಡಿಯೋಗಳ ಮೊದಲ ಹೆಜ್ಜೆಯೇ "ಸೆಕ್ಯೂರ್ ಬೂಟ್ ಆಫ್ ಮಾಡಿ" ಅಂತ ಇರುತ್ತದೆ. ದಯವಿಟ್ಟು ಕಣ್ಣು ಮುಚ್ಚಿಕೊಂಡು ಅದನ್ನು ಮಾಡಬೇಡಿ.

ಕೀ ಎಲ್ಲಿತ್ತು

ವಿಂಡೋಸ್ ಬಂತು ಅಂತ ಮುಂದೆ ಓಡಲಿಲ್ಲ. ಆ 48 ಅಂಕಿ ಕೈಯಲ್ಲಿ ಇಲ್ಲದೆ ಒಂದು ಹೆಜ್ಜೆಯೂ ಬೇಡ ಅಂದೆ. ಅತ್ತಿಗೆ ತಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ನೋಡಿದರು. ಅಲ್ಲಿ ಯಾವ ಕೀಯೂ ಇರಲಿಲ್ಲ.

ಸ್ವಲ್ಪ ಹೊತ್ತು ಯೋಚನೆ ಮಾಡಿದ ಮೇಲೆ ಹೊಳೆಯಿತು. ಲ್ಯಾಪ್‌ಟಾಪ್ ತಂದ ದಿನ ಅದನ್ನು ಸೆಟಪ್ ಮಾಡಿದ್ದು ಅಣ್ಣ, ಅವನ ಖಾತೆಯಿಂದ. ಆಮೇಲೆ ಅತ್ತಿಗೆಯನ್ನು ಸೇರಿಸಿದ್ದ. ಫೋನ್ ಮಾಡಿದೆವು, ಅವನ ಖಾತೆಯಲ್ಲಿ ಕೀ ಇತ್ತು. ರಾತ್ರಿ ಪರದೆಯ ಮೇಲೆ ಬಂದಿದ್ದ ಕೀ ಐಡಿಯನ್ನು ಅತ್ತಿಗೆ ಫೋಟೋ ತೆಗೆದಿದ್ದರು. ಅದರ ಮೊದಲ ಎಂಟು ಅಕ್ಷರ ಖಾತೆಯಲ್ಲಿದ್ದ ಐಡಿಗೆ ಸರಿಹೊಂದಿತು. ಆರಾರು ಅಂಕಿಯ ಎಂಟು ಗುಂಪು. ಅತ್ತಿಗೆ ಅದನ್ನು ಡೈರಿಯಲ್ಲಿ ಬರೆದುಕೊಂಡರು, ನಾನು ಒಂದೊಂದೇ ಗುಂಪು ಓದಿ ಹೇಳಿ ತಾಳೆ ನೋಡಿದೆ.

ಎರಡನೇ ಕೆಲಸ ಬ್ಯಾಕಪ್. ಹೊರಗಿನ ಹಾರ್ಡ್‌ಡಿಸ್ಕಿಗೆ ಎಲ್ಲ ನಕಲು ಮಾಡಿ, ಅದನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ನಾಲ್ಕೈದು ಫೈಲು ತೆರೆದು ನೋಡಿದೆವು. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಡಿಸ್ಕೇ ಕಾಣಲಿಲ್ಲ

ಉಬುಂಟು 24.04 ಡೌನ್‌ಲೋಡ್ ಮಾಡಿ, ಫೈಲ್ ಸರಿಯಾಗಿ ಇಳಿದಿದೆಯಾ ಅಂತ ಚೆಕ್‌ಸಮ್ ತಾಳೆ ನೋಡಿ, ಪೆನ್ ಡ್ರೈವ್‌ಗೆ ಬರೆದು, ಇನ್‌ಸ್ಟಾಲ್ ಮಾಡದೆ ಹಾಗೇ ಓಡಿಸಿ ನೋಡಿದೆವು. ಇದನ್ನು ಯಾರೂ ಬಿಡಬಾರದು. ವೈಫೈ, ಧ್ವನಿ, ಟಚ್‌ಪ್ಯಾಡ್, ಮುಚ್ಚಳ ಹಾಕಿ ತೆಗೆದರೆ ಏಳುತ್ತದಾ ಎಲ್ಲ ಅಲ್ಲೇ ತಿಳಿಯುತ್ತದೆ. ಎಲ್ಲ ಸರಿಯಾಗಿತ್ತು. ಆದರೆ ಡಿಸ್ಕ್‌ಗಳ ಪಟ್ಟಿಯಲ್ಲಿ ಪೆನ್ ಡ್ರೈವ್ ಒಂದೇ ಇತ್ತು. ಒಳಗಿನ ಎಸ್‌ಎಸ್‌ಡಿ ಇಲ್ಲವೇ ಇಲ್ಲ.

ಕಾರಣ ಇಂಟೆಲ್ ಆರ್‌ಎಸ್‌ಟಿ, ಡಿಸ್ಕನ್ನು ನೋಡಿಕೊಳ್ಳುವ ಒಂದು ವಿಧಾನ. ಈ ಮೋಡ್‌ನಲ್ಲಿ ಎಸ್‌ಎಸ್‌ಡಿ ನೇರವಾಗಿ ಕಾಣದೆ ಇನ್ನೊಂದು ಪದರದ ಹಿಂದೆ ಇರುತ್ತದೆ. ವಿಂಡೋಸ್‌ನಲ್ಲಿ ಅದರ ಡ್ರೈವರ್ ಇರುವುದರಿಂದ ಗೊತ್ತೇ ಆಗುವುದಿಲ್ಲ. ಲಿನಕ್ಸ್‌ಗೆ ಡಿಸ್ಕ್ ಕಾಣಬೇಕಾದರೆ ಯುಇಎಫ್‌ಐ ಸೆಟ್ಟಿಂಗ್‌ನಲ್ಲಿ ಆ ಮೋಡನ್ನು ಡಿಸ್ಕನ್ನು ನೇರವಾಗಿ ತೋರಿಸುವ ಎಎಚ್‌ಸಿಐಗೆ ಬದಲಿಸಬೇಕು. ಆದರೆ ನೇರವಾಗಿ ಹೋಗಿ ಬದಲಿಸಿದರೆ ವಿಂಡೋಸ್‌ಗೆ ತನ್ನ ಡಿಸ್ಕ್ ಸಿಗದೆ ಬೂಟ್ ಆಗುವುದೇ ನಿಂತುಹೋಗಬಹುದು. ಜೊತೆಗೆ ಮತ್ತೆ ಆ 48 ಅಂಕಿಯ ಪರದೆ ಬರುವ ಸಾಧ್ಯತೆ ಬೇರೆ.

ಹಾಗಾಗಿ ಇಲ್ಲಿ ಕ್ರಮ ಮುಖ್ಯ. ಮೊದಲು ಡಿವೈಸ್ ಎನ್‌ಕ್ರಿಪ್ಶನ್ ಪೂರ್ತಿ ಆಫ್ ಮಾಡಿದೆವು. ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಆಯ್ಕೆಯೂ ಇದೆ, ಬೇಗ ಆಗುತ್ತದೆ. ಆದರೆ ಬಿಟ್‌ಲಾಕರ್ ಕಂಡರೆ ಮುಂದುವರಿಯದ ಇನ್‌ಸ್ಟಾಲರ್‌ಗಳೂ ಇವೆ, ಅದಕ್ಕೇ ಪೂರ್ತಿ ಬಿಚ್ಚುವುದೇ ವಾಸಿ ಅನ್ನಿಸಿತು. ಸುಮಾರು ಒಂದು ಗಂಟೆ ಹಿಡಿಯಿತು. ಚಾರ್ಜರ್ ಹಾಕಿಟ್ಟು ಕಾದೆವು.

ಆಮೇಲೆ ವಿಂಡೋಸ್‌ನ ಸಿಸ್ಟಮ್ ಕಾನ್ಫಿಗರೇಶನ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್, ಮಿನಿಮಲ್ ಅಂತ ಗುರುತು ಹಾಕಿದೆವು. ರೀಸ್ಟಾರ್ಟ್ ಮಾಡಿ, ವಿಂಡೋಸ್ ಬರುವ ಮೊದಲೇ ಯುಇಎಫ್‌ಐಗೆ ಹೋಗಿ ಎಎಚ್‌ಸಿಐಗೆ ಬದಲಿಸಿ ಸೇವ್ ಮಾಡಿದೆವು. ಈಗ ವಿಂಡೋಸ್ ಸೇಫ್ ಮೋಡ್‌ನಲ್ಲಿ ಬರುತ್ತದೆ, ಆ ಸಲ ಅದು ಬೇಕಾದ ಡ್ರೈವರನ್ನು ತಾನೇ ಹುಡುಕಿ ಹಾಕಿಕೊಳ್ಳುತ್ತದೆ. ಒಳಗೆ ಹೋಗಿ ಸೇಫ್ ಬೂಟ್ ಗುರುತು ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿದರೆ ಆಯಿತು. ಒಂದು ಎಚ್ಚರಿಕೆ: ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೆ ಖಾತೆಯ ಪಾಸ್‌ವರ್ಡನ್ನೇ ಕೇಳಬಹುದು. ಅತ್ತಿಗೆಗೆ ಪಿನ್ ಬಿಟ್ಟು ಬೇರೇನೂ ನೆನಪಿರಲಿಲ್ಲ. ಶುರು ಮಾಡುವ ಮೊದಲೇ ಕೇಳಿದ್ದರಿಂದ ಪಾಸ್‌ವರ್ಡ್ ರೀಸೆಟ್ ಮಾಡಿ ಇಟ್ಟುಕೊಂಡಿದ್ದೆವು.

ಮತ್ತೆ ಪೆನ್ ಡ್ರೈವ್‌ನಿಂದ ಬೂಟ್ ಮಾಡಿದೆವು. ಪಟ್ಟಿಯಲ್ಲಿ ಎಸ್‌ಎಸ್‌ಡಿ ಕಂಡಿತು.

ಶಟ್‌ಡೌನ್ ಮಾಡಿದರೂ ಮಲಗದ ವಿಂಡೋಸ್

ವಿಂಡೋಸ್ 8 ಬಂದ 2012ರಿಂದ ಫಾಸ್ಟ್ ಸ್ಟಾರ್ಟಪ್ ಅನ್ನುವುದು ಇದೆ. ಇದು ಆನ್ ಇದ್ದಾಗ ಶಟ್‌ಡೌನ್ ಒತ್ತಿದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ನಮ್ಮ ಪ್ರೋಗ್ರಾಂಗಳನ್ನು ಮುಚ್ಚಿ, ತನ್ನ ಒಳಗಿನ ತಿರುಳಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಹೋಗುತ್ತದೆ. ಮಾರನೇ ದಿನ ಅಲ್ಲಿಂದಲೇ ಏಳುತ್ತದೆ, ಅದಕ್ಕೇ ಅಷ್ಟು ಬೇಗ ಬರುವುದು. ವಿಚಿತ್ರ ಅಂದರೆ ರೀಸ್ಟಾರ್ಟ್ ಒತ್ತಿದಾಗ ಮಾತ್ರ ಪೂರ್ತಿ ಮುಚ್ಚಿ ಹೊಸದಾಗಿ ಶುರುವಾಗುತ್ತದೆ. ನಾವೆಲ್ಲ ಇದನ್ನು ಉಲ್ಟಾ ಅಂದುಕೊಂಡಿರುತ್ತೇವೆ.

ಡ್ಯುಯಲ್ ಬೂಟ್‌ನಲ್ಲಿ ಇದು ಅಪಾಯ. ವಿಂಡೋಸ್ ಅರ್ಧ ನಿದ್ದೆಯಲ್ಲಿ ಇರುವಾಗ ಲಿನಕ್ಸ್‌ನಿಂದ ಆ ಡ್ರೈವ್‌ಗೆ ಏನಾದರೂ ಬರೆದರೆ, ಎದ್ದ ವಿಂಡೋಸ್‌ನ ನೆನಪಿಗೂ ಡಿಸ್ಕಿನಲ್ಲಿ ಇರುವುದಕ್ಕೂ ತಾಳೆಯಾಗುವುದಿಲ್ಲ. ಫೈಲುಗಳು ಕೆಡಬಹುದು. ಇಂಥ ಸ್ಥಿತಿಯ ಡ್ರೈವನ್ನು ಬರೆಯಲು ಬಿಡದೆ ಲಿನಕ್ಸ್ ಹೆಚ್ಚಾಗಿ ತಾನೇ ತಡೆಯುತ್ತದೆ. ಆದರೂ ಕಂಟ್ರೋಲ್ ಪ್ಯಾನಲ್‌ನ ಪವರ್ ಆಯ್ಕೆಗಳಲ್ಲಿ ಅದನ್ನು ಆಫ್ ಮಾಡಿಬಿಡಿ. ಬೂಟ್ ಆಗಲು ಕೆಲವು ಸೆಕೆಂಡ್ ಜಾಸ್ತಿ ಆಗುತ್ತದೆ, ಆಗಲಿ.

ಜಾಗ ಬಿಡಿಸುವುದು

ಡ್ರೈವ್‌ನಲ್ಲಿ 250 ಜಿಬಿಗಿಂತ ಜಾಸ್ತಿ ಖಾಲಿ ಇತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಶ್ರಿಂಕ್ ಒತ್ತಿದರೆ ಬರೀ 9 ಜಿಬಿ ಬಿಡುತ್ತೇನೆ ಅಂತು. ಅತ್ತಿಗೆ ಎರಡು ಸಲ ಸೊನ್ನೆ ಎಣಿಸಿದರು.

ಖಾಲಿ ಇದ್ದರೂ ಬಿಡದೆ ಇರಲು ಕಾರಣ, ಜಾಗ ಕತ್ತರಿಸುವುದು ಡ್ರೈವ್‌ನ ಕೊನೆಯಿಂದ. ನಡುವೆ ಎಲ್ಲೋ ಅಲುಗಾಡಿಸಲಾಗದ ಒಂದು ಫೈಲ್ ಕೂತಿದ್ದರೆ ಅದನ್ನು ದಾಟಿ ಕತ್ತರಿಸಲು ಬರುವುದಿಲ್ಲ. ಹೈಬರ್ನೇಶನ್ ಫೈಲ್ (ಮಲಗುವಾಗ ರ‍್ಯಾಮಿನ ಸ್ಥಿತಿ ಬರೆದಿಡುವುದು), ಪೇಜ್ ಫೈಲ್ (ರ‍್ಯಾಮ್ ಸಾಲದಾಗ ಬಳಸುವುದು), ಸಿಸ್ಟಮ್ ರಿಸ್ಟೋರ್‌ನ ಹಳೆಯ ಪ್ರತಿಗಳು ಸಾಮಾನ್ಯವಾಗಿ ಅಂಥವು. ಯಾವ ಫೈಲ್ ಅಡ್ಡ ಕೂತಿದೆ ಅಂತ ಇವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ 259ನೇ ನಂಬರಿನ ದಾಖಲೆ ಹೇಳುತ್ತದೆ, ಬಹಳ ಜನರಿಗೆ ಇದು ಗೊತ್ತಿಲ್ಲ. ನಮ್ಮಲ್ಲಿ ಪೇಜ್ ಫೈಲ್ ಅಡ್ಡ ಇತ್ತು. ಅದನ್ನು, ಹೈಬರ್ನೇಶನ್ನನ್ನು, ಸಿಸ್ಟಮ್ ರಿಸ್ಟೋರನ್ನು ಆಫ್ ಮಾಡಿ ರೀಸ್ಟಾರ್ಟ್ ಮಾಡಿದ ಮೇಲೆ 170 ಜಿಬಿ ತನಕ ಬಿಡಲು ಒಪ್ಪಿತು. ನಾವು ತೆಗೆದುಕೊಂಡದ್ದು 120 ಜಿಬಿ. ಅಲ್ಲಿ ಲೆಕ್ಕ ಎಂಬಿಯಲ್ಲಿ ಕೊಡಬೇಕು, ಅಂದರೆ 1,22,880. ಕೆಲಸ ಮುಗಿದ ಮೇಲೆ ಪೇಜ್ ಫೈಲನ್ನೂ ರಿಸ್ಟೋರನ್ನೂ ಮರೆಯದೆ ಮತ್ತೆ ಆನ್ ಮಾಡಿದೆವು.

ಲಿನಕ್ಸ್ ಕಡೆಯಿಂದಲೂ ವಿಂಡೋಸ್ ಪಾರ್ಟಿಷನ್ (ಡಿಸ್ಕಿನಲ್ಲಿ ಅದಕ್ಕೆ ಮೀಸಲಾದ ಹೋಳು) ಚಿಕ್ಕದು ಮಾಡಬಹುದು. ಆದರೆ ವಿಂಡೋಸ್‌ನ ಮನೆಯನ್ನು ವಿಂಡೋಸೇ ಚಿಕ್ಕದು ಮಾಡಿಕೊಳ್ಳಲಿ ಅನ್ನುವುದು ನನ್ನ ಅಭಿಪ್ರಾಯ.

ಇನ್‌ಸ್ಟಾಲ್

ಇನ್‌ಸ್ಟಾಲರ್‌ನಲ್ಲಿ ಪಾರ್ಟಿಷನ್‌ಗಳನ್ನು ನಾವೇ ಆರಿಸುವ ದಾರಿ ಹಿಡಿದೆವು. ಖಾಲಿ ಜಾಗದಲ್ಲಿ ಒಂದೇ ಒಂದು ಇಎಕ್ಸ್‌ಟಿ4 (ಲಿನಕ್ಸ್ ಫೈಲುಗಳನ್ನು ಇಡುವ ಕ್ರಮ) ಪಾರ್ಟಿಷನ್, ಅದೇ ರೂಟ್, ಅಂದರೆ ಲಿನಕ್ಸ್‌ನ ಎಲ್ಲ ಫೈಲುಗಳ ಬುಡ. ಹೋಮ್‌ಗೆ (ನಮ್ಮ ಫೈಲುಗಳಿಗೆ) ಬೇರೆ, ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಜಾಗಕ್ಕೆ) ಬೇರೆ ಅಂತ ಹೋಳು ಮಾಡಲಿಲ್ಲ. 120 ಜಿಬಿಯನ್ನು ಮೂರು ಭಾಗ ಮಾಡಿದರೆ ಯಾವುದಾದರೂ ಒಂದು ಬೇಗ ತುಂಬುತ್ತದೆ, ಸ್ವಾಪ್‌ಗೆ ಫೈಲ್ ಸಾಕು.

ಕೈ ನಡುಗಬೇಕಾದ ಜಾಗ ಒಂದೇ, ಇಎಫ್‌ಐ ಪಾರ್ಟಿಷನ್. ನಮ್ಮದರಲ್ಲಿ ಅದು 260 ಎಂಬಿಯ ಸಣ್ಣ ಫ್ಯಾಟ್32 ಜಾಗ. ವಿಂಡೋಸ್‌ನ ಬೂಟ್ ಫೈಲುಗಳು ಇರುವುದು ಅಲ್ಲೇ, ಲಿನಕ್ಸ್‌ನವೂ ಅಲ್ಲೇ ಇನ್ನೊಂದು ಫೋಲ್ಡರ್‌ನಲ್ಲಿ ಕೂರುತ್ತವೆ. ಹಂಚಿಕೊಂಡು ಬಳಸಬೇಕು, ಫಾರ್ಮ್ಯಾಟ್ ಮಾಡಬಾರದು. ಪಟ್ಟಿಯಲ್ಲಿ ಆ ಸಾಲಿನ ಮುಂದೆ ಫಾರ್ಮ್ಯಾಟ್ ಅನ್ನುವ ಸಣ್ಣ ಚೌಕ ಇತ್ತು. ಅತ್ತಿಗೆ ಪರದೆಗೆ ಬೆರಳು ತಾಗಿಸಿ ಒಂದೊಂದೇ ಸಾಲು ಜೋರಾಗಿ ಓದಿದರು. "260 ಎಂಬಿ, ಇಎಫ್‌ಐ, ಫಾರ್ಮ್ಯಾಟ್ ಇಲ್ಲ. ಇದು ವಿಂಡೋಸ್, ಮುಟ್ಟಲ್ಲ. ಇದು ನಮ್ಮ 120, ಫಾರ್ಮ್ಯಾಟ್ ಹೌದು. ಕೊನೇದು ರಿಕವರಿ, ಮುಟ್ಟಲ್ಲ." ಆಮೇಲೇ ಇನ್‌ಸ್ಟಾಲ್ ಒತ್ತಿದ್ದು. ಇಬ್ಬರು ಇದ್ದರೆ ಹೀಗೆ ಒಬ್ಬರು ಓದಿ ಒಬ್ಬರು ನೋಡುವುದು ಬಹಳ ಒಳ್ಳೆಯದು.

ಹೊರಗಿನ ಡ್ರೈವರ್‌ಗಳೂ ಬೇಕು ಅಂತ ಗುರುತು ಹಾಕಿದ್ದರಿಂದ ಒಂದು ಪಾಸ್‌ವರ್ಡ್ ಕೇಳಿತು. ಮೊದಲ ರೀಸ್ಟಾರ್ಟ್‌ನಲ್ಲಿ ಇನ್ನೊಂದು ನೀಲಿ ಪರದೆ ಬಂತು. ಅತ್ತಿಗೆ ಬೆಚ್ಚಿದರು, ಆದರೆ ಇದು ಬೇರೆ. ಸೆಕ್ಯೂರ್ ಬೂಟ್ ಆನ್ ಇರುವಾಗ ಆ ಡ್ರೈವರ್‌ಗಳ ಸಹಿಯನ್ನು ಒಪ್ಪಿಕೊಳ್ಳುತ್ತೀರಾ ಅಂತ ಕೇಳುವ ಪರದೆ. ಹತ್ತು ಸೆಕೆಂಡ್ ಒಳಗೆ ಒಂದು ಕೀ ಒತ್ತಿ, ಎನ್‌ರೋಲ್ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಕೈತಪ್ಪಿ ಹೋದರೆ ಆ ಡ್ರೈವರ್ ಲೋಡ್ ಆಗುವುದಿಲ್ಲ, ಅಷ್ಟೇ. ಡೇಟಾಗೆ ಏನೂ ಆಗುವುದಿಲ್ಲ.

ಗಡಿಯಾರ

ವಿಂಡೋಸ್‌ಗೆ ಮರಳಿದರೆ ಸಮಯ ತಪ್ಪು. ವಿಂಡೋಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಇಡುತ್ತದೆ. ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ತಪ್ಪಾಗಿ ಓದುತ್ತಾರೆ. ಎರಡರಲ್ಲಿ ಒಂದನ್ನು ಒಪ್ಪಿಸಿದರೆ ಸಾಕು, ಎರಡನ್ನೂ ಬದಲಿಸಿದರೆ ಮತ್ತೆ ಅದೇ ಗೋಳು. ನಾವು ವಿಂಡೋಸ್ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯ ಸೇರಿಸಿ ಅದೂ ಯುಟಿಸಿ ಬಳಸುವಂತೆ ಮಾಡಿದೆವು.

ಯಾರು ಮೊದಲು ಬೂಟ್ ಆಗಬೇಕು

ಎಲ್ಲ ಮುಗಿಯಿತು ಅಂದುಕೊಂಡು ಡಿವೈಸ್ ಎನ್‌ಕ್ರಿಪ್ಶನ್ ಮತ್ತೆ ಆನ್ ಮಾಡಿದೆವು. ರೆಕಾರ್ಡಿಂಗ್‌ಗಳಲ್ಲಿ ಜನರ ಖಾಸಗಿ ಮಾತುಗಳಿವೆ, ಬೀಗ ಇಲ್ಲದೆ ಬಿಡುವ ಹಾಗಿಲ್ಲ. ಹೆಸರು ತೆಗೆದ ಬರೀ ಅಂಕಿಗಳು ಮಾತ್ರ ಲಿನಕ್ಸ್ ಕಡೆ ಹೋಗುತ್ತವೆ, ಅದೂ ಹೊರಗಿನ ಹಾರ್ಡ್‌ಡಿಸ್ಕ್ ಮೂಲಕ.

ಮಾರನೇ ದಿನ ಗ್ರಬ್ (ಯಾವ ಸಿಸ್ಟಮ್ ಬೇಕು ಅಂತ ಕೇಳುವ ಲಿನಕ್ಸ್‌ನ ಬೂಟ್ ಪ್ರೋಗ್ರಾಂ) ಪಟ್ಟಿಯಲ್ಲಿ ವಿಂಡೋಸ್ ಆರಿಸಿದರೆ ಮತ್ತೆ 48 ಅಂಕಿ! ಈ ಸಲ ಗಾಬರಿ ಆಗಲಿಲ್ಲ, ಯಾಕೆ ಅಂತ ಯೋಚಿಸಿದೆವು. ಚಿಪ್ ದಾಖಲು ಮಾಡುವುದು ಬೂಟ್ ಆಗುವ ದಾರಿಯನ್ನು. ವಿಂಡೋಸ್ ನೇರವಾಗಿ ಬರುವುದು ಒಂದು ದಾರಿ. ಶಿಮ್, ಆಮೇಲೆ ಗ್ರಬ್, ಆಮೇಲೆ ವಿಂಡೋಸ್ ಅಂತ ಬರುವುದು ಇನ್ನೊಂದು. ಎನ್‌ಕ್ರಿಪ್ಶನ್ ಆನ್ ಮಾಡಿದ ದಿನ ವಿಂಡೋಸ್ ನೇರವಾಗಿ ಬಂದಿತ್ತು. ಈಗ ಗ್ರಬ್ ಕೈ ಹಿಡಿದು ಬಂದಿದೆ. ಅಪರಿಚಿತ ದಾರಿ, ಅದಕ್ಕೇ ಬೀಗ.

ಗ್ರಬ್ಬನ್ನು ಮುಂದೆ ಇಡಿ ಅಂತ ಎಲ್ಲರೂ ಹೇಳುತ್ತಾರೆ, ಹಾಗಾಗಿ ನಾವು ಅದಕ್ಕೆ ತಿರುಗಾಮುರುಗಾ ಮಾಡಿದೆವು. ಯುಇಎಫ್‌ಐ ಬೂಟ್ ಕ್ರಮದಲ್ಲಿ ವಿಂಡೋಸನ್ನೇ ಮೊದಲು ಇಟ್ಟೆವು. ಲ್ಯಾಪ್‌ಟಾಪ್ ಆನ್ ಮಾಡಿದರೆ ನೇರ ವಿಂಡೋಸ್, ಕೀ ಕೇಳುವುದಿಲ್ಲ. ಲಿನಕ್ಸ್ ಬೇಕಾದಾಗ ಆನ್ ಆಗುವಾಗಲೇ ಎಫ್12 ಒತ್ತಿ ಬೂಟ್ ಪಟ್ಟಿಯಿಂದ ಉಬುಂಟು ಆರಿಸುವುದು (ಕೆಲವು ಕಂಪ್ಯೂಟರ್‌ಗಳಲ್ಲಿ ಎಫ್9 ಅಥವಾ ಎಸ್ಕೇಪ್ ಇರುತ್ತದೆ). ಇಲ್ಲವೇ ವಿಂಡೋಸ್ ಒಳಗಿಂದಲೇ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಯೂಸ್ ಎ ಡಿವೈಸ್ ಅಂತ ಬಂದಾಗ ಉಬುಂಟು. ಲಿನಕ್ಸ್‌ನಿಂದ ವಾಪಸ್ ಬರಲು ಸುಮ್ನೆ ರೀಸ್ಟಾರ್ಟ್. ಡ್ಯುಯಲ್ ಬೂಟ್ ಮಾಡಿದವರು ಜಾಸ್ತಿ ಗೊಣಗುವುದು ದೊಡ್ಡ ಅಪ್‌ಡೇಟ್ ಬಂದ ಮೇಲೆ ವಿಂಡೋಸ್ ತಾನೇ ಮೊದಲ ಸ್ಥಾನಕ್ಕೆ ಬಂದು ಕೂರುತ್ತದೆ ಅಂತ. ಇಲ್ಲಿ ಅದು ಮೊದಲೇ ಮುಂದೆ ಇದೆ, ಆ ತಲೆನೋವೂ ಇಲ್ಲ. ಬಿಟ್‌ಲಾಕರ್ ಬಳಸದವರಿಗೆ ಗ್ರಬ್ ಮುಂದೆ ಇರುವುದೇ ಅನುಕೂಲ, ಅವರು ಹಾಗೇ ಇಟ್ಟುಕೊಳ್ಳಲಿ. 2021ರಲ್ಲಿ ಬಂದ ಗ್ರಬ್ 2.06ರಿಂದ ಅದು ಬೇರೆ ಸಿಸ್ಟಮ್‌ಗಳನ್ನು ತಾನಾಗಿ ಹುಡುಕುವುದನ್ನು ನಿಲ್ಲಿಸಿದೆ. ಹಾಗಾಗಿ ಪಟ್ಟಿಯಲ್ಲಿ ವಿಂಡೋಸ್ ಕಾಣದಿದ್ದರೆ ಅಳಿಸಿಹೋಯಿತು ಅಂತ ಹೆದರಬೇಡಿ, ಒಂದು ಸೆಟ್ಟಿಂಗ್ ಬದಲಿಸಿ ಗ್ರಬ್ ಅಪ್‌ಡೇಟ್ ಮಾಡಿದರೆ ಬರುತ್ತದೆ.

ಇನ್‌ಸ್ಟಾಲ್ ಮಾಡಿದ ಪೆನ್ ಡ್ರೈವನ್ನು ಮಾತ್ರ ಅಳಿಸಬೇಡಿ ಅಂತ ಅತ್ತಿಗೆಗೆ ಹೇಳಿದ್ದೇನೆ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಹಳೆಯ ಶಿಮ್‌ಗಳನ್ನು ತಡೆದು, ಎಷ್ಟೋ ಡ್ಯುಯಲ್ ಬೂಟ್ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಬೂಟ್ ಆಗುವುದೇ ನಿಂತಿತ್ತು. ಅಂಥ ದಿನ ರಿಪೇರಿಗೆ ಅಂಥದ್ದೊಂದು ಪೆನ್ ಡ್ರೈವ್ ಕೈಯಲ್ಲಿ ಇರಬೇಕು.

ಹೊರಡುವ ಮುನ್ನ ನೆನಪಾಯಿತು. ಎನ್‌ಕ್ರಿಪ್ಶನ್ ಪೂರ್ತಿ ಬಿಚ್ಚಿ ಮತ್ತೆ ಹಾಕಿದರೆ ರಿಕವರಿ ಕೀ ಹೊಸದು. ಡೈರಿಯಲ್ಲಿ ಬರೆದದ್ದು ಈಗ ಯಾವ ಬೀಗಕ್ಕೂ ಆಗುವುದಿಲ್ಲ. ಅತ್ತಿಗೆ ಈ ಸಲ ತಮ್ಮದೇ ಖಾತೆ ತೆರೆದರು, ಹೊಸ ಕೀ ಅಲ್ಲಿಗೇ ಬಂದಿತ್ತು. ಹಳೆಯ ಎಂಟು ಗುಂಪುಗಳ ಮೇಲೆ ಅಡ್ಡ ಗೀಟು ಎಳೆದು, ಕೆಳಗೆ ಹೊಸತನ್ನು ಬರೆದು, ಪಕ್ಕದಲ್ಲಿ ತಾರೀಕು ಹಾಕಿದರು. ಆಮೇಲೆ ಡೈರಿಯನ್ನು ನನ್ನ ಕೈಗೆ ಕೊಟ್ಟು, "ಓದು, ನಾನು ತಾಳೆ ನೋಡ್ತೀನಿ" ಅಂದರು.